ಮಾತ್ರೆ ಇಳಿಸುವ ದಿನಗಳಲ್ಲಿ ಸೌನಾದ ಬಿಸಿ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 48 ವರ್ಷ. ತುಮಕೂರಿನ ಮಂಡಿಪೇಟೆಯಲ್ಲಿ ವ್ಯಾಪಾರ. ಆತಂಕ ಮತ್ತು ನಿದ್ರಾಹೀನತೆಗಾಗಿ ನಾಲ್ಕು ವರ್ಷಗಳಿಂದ ರಾತ್ರಿ 1 ಮಿಲಿಗ್ರಾಂ ಕ್ಲೊನಜೆಪಾಮ್, ಬೆಳಿಗ್ಗೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದೇನೆ. ಈಗ ಮನೋವೈದ್ಯರು ಕ್ಲೊನಜೆಪಾಮ್ ಇಳಿಸುತ್ತಿದ್ದು, ಹತ್ತು ದಿನಗಳಿಂದ ಮುಕ್ಕಾಲು ಮಿಲಿಗ್ರಾಂಗೆ ಬಂದಿದ್ದೇನೆ. ನಾನು ಹೋಗುವ ಜಿಮ್‌ನಲ್ಲಿ ಹೊಸದಾಗಿ ಸೌನಾ, ಎಂದರೆ ಬಿಸಿಗಾಳಿಯಲ್ಲಿ ಕುಳಿತು ಬೆವರುವ ಕೋಣೆ ಮಾಡಿದ್ದಾರೆ. ದಿನವೂ ಅರ್ಧ ಗಂಟೆ ಬೆವರು ಸುರಿಸಿದರೆ ಕೊಬ್ಬಿನಲ್ಲಿ ಸೇರಿಕೊಂಡ ಮಾತ್ರೆಯ ಅಂಶವೆಲ್ಲ ಹೊರಬಂದು ಒಂದೇ ತಿಂಗಳಲ್ಲಿ ಮಾತ್ರೆ ಬಿಟ್ಟುಬಿಡಬಹುದು ಎಂದು ಅಲ್ಲಿನ ತರಬೇತುದಾರರು ಹೇಳಿದರು. ಒಮ್ಮೆ ಕುಳಿತು ಎದ್ದಾಗ ಎದೆ ಡವಡವ ಹೊಡೆದುಕೊಂಡು ಕಣ್ಣು ಕತ್ತಲೆ ಬಂತು. ಮಲಗಿ ನೀರು ಕುಡಿದ ಮೇಲೆ ಸರಿಹೋಯಿತು. ಇದು ಮಾತ್ರೆ ಇಳಿಸಿದ್ದರ ಪರಿಣಾಮವೆ? ಹಳೆಯ ಪ್ರಮಾಣಕ್ಕೇ ಮರಳಲೆ? ಸೌನಾ ಬಿಡಬೇಕೆ?

ಉತ್ತರ: ಮೊದಲಿಗೆ ತರಬೇತುದಾರರ ಮಾತನ್ನು ಪಕ್ಕಕ್ಕಿಡಿ. ಕ್ಲೊನಜೆಪಾಮ್ ಬೆವರಿನ ದಾರಿಯಲ್ಲಿ ದೇಹ ಬಿಡುವ ಔಷಧವಲ್ಲ. ಅದನ್ನು ಯಕೃತ್ತು ಒಡೆದು ಬೇರೆ ರೂಪಕ್ಕೆ ತರುತ್ತದೆ, ಆ ಅಂಶಗಳು ಮುಖ್ಯವಾಗಿ ಮೂತ್ರದಲ್ಲಿ ಹೊರಹೋಗುತ್ತವೆ. ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 30ರಿಂದ 40 ಗಂಟೆ ಬೇಕು. ಆ ಗತಿಯನ್ನು ಬೆವರು ಬದಲಿಸುವುದಿಲ್ಲ. ಒಂದು ವೇಳೆ ಬೆವರಿನಲ್ಲಿ ಬೇಗ ಹೊರಹೋಗುತ್ತದೆ ಎಂದೇ ಇಟ್ಟುಕೊಂಡರೂ ಅದರಿಂದ ನಿಮಗೆ ಒಳಿತಾಗುತ್ತಿರಲಿಲ್ಲ. ನಿಮ್ಮ ವೈದ್ಯರು ಇಷ್ಟು ನಿಧಾನವಾಗಿ ಇಳಿಸುತ್ತಿರುವುದು ಔಷಧ ದೇಹದಿಂದ ಬೇಗ ಹೋಗದಿರಲಿ ಎಂಬ ಕಾರಣಕ್ಕೇ.

ಈ ಗುಂಪಿನ ಮಾತ್ರೆಗಳು, ಎಂದರೆ ಕ್ಲೊನಜೆಪಾಮ್, ಅಲ್ಪ್ರಜೋಲಮ್, ಲೋರಜೆಪಾಮ್, ಡಯಜೆಪಾಮ್ ಮುಂತಾದವು, ಮಿದುಳಿನಲ್ಲಿ ನರಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತವೆ. ವರ್ಷಗಟ್ಟಲೆ ಆ ಬಲ ಹೊರಗಿನಿಂದ ಸಿಗುತ್ತಿದ್ದರೆ ಮಿದುಳು ತನ್ನ ಸ್ಪಂದನೆಯನ್ನು ಅದಕ್ಕೆ ತಕ್ಕಂತೆ ತಗ್ಗಿಸಿಕೊಳ್ಳುತ್ತದೆ. ಮಾತ್ರೆ ಥಟ್ಟನೆ ನಿಂತರೆ ಹಿಡಿದಿಡುವ ಶಕ್ತಿ ಸಾಲದೆ ನಿದ್ದೆಗೇಡು, ನಡುಕ, ವಿಪರೀತ ಆತಂಕ, ಬೆವರು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಫಿಟ್ಸ್ ಬರುವುದೂ ಉಂಟು, ಅದು ಪ್ರಾಣಕ್ಕೆ ಅಪಾಯ. ಅಮೆರಿಕದ ವೈದ್ಯಕೀಯ ಸಂಘಟನೆಗಳು 2025ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿಯು, ಆರಂಭದಲ್ಲಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದನ್ನು ಪರಿಗಣಿಸಿ, ಸಾಮಾನ್ಯವಾಗಿ ಎರಡು ವಾರಕ್ಕೆ ಶೇ. 25ನ್ನು ಮೀರಬೇಡಿ ಎನ್ನುತ್ತದೆ. 1ರಿಂದ 0.75ಕ್ಕೆ ಬಂದದ್ದೇ ಕಾಲುಭಾಗದ ಕಡಿತ. ಮುಂದೆ 0.5ರಿಂದ 0.25ಕ್ಕೆ ಇಳಿಯುವಾಗ ಮಿಲಿಗ್ರಾಂ ಲೆಕ್ಕದಲ್ಲಿ ಅಷ್ಟೇ ಎನಿಸಿದರೂ ಅದು ಒಮ್ಮೆಲೇ ಅರ್ಧದಷ್ಟು ಕಡಿತ. ಆ ಹಂತವನ್ನು ಇನ್ನೂ ಚಿಕ್ಕ ಮೆಟ್ಟಿಲುಗಳಾಗಿ ಮಾಡಿಕೊಡಲು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಬಿಟ್ಟುಬಿಡುವ ಯೋಚನೆಯಂತೂ ಬೇಡ.

ನಿಮಗೆ ಕಣ್ಣು ಕತ್ತಲೆ ಬಂದದ್ದು ನನ್ನ ಅಭಿಪ್ರಾಯದಲ್ಲಿ ಬಿಸಿಯ ಪರಿಣಾಮ. ಫಿನ್ಲೆಂಡ್ ಮಾದರಿಯ ಒಣ ಸೌನಾದಲ್ಲಿ ಗಾಳಿಯ ಉಷ್ಣತೆ 80ರಿಂದ 100 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಮೇಲಿನ ಹಲಗೆಯ ಮೇಲೆ ಕುಳಿತವರಿಗೆ ಕೆಳಗಿನವರಿಗಿಂತ ಹೆಚ್ಚು ಕಾವು ತಾಗುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಹೃದಯದ ಬಡಿತ ನಿಮಿಷಕ್ಕೆ 100ನ್ನು ದಾಟಿ 150ರ ಹತ್ತಿರಕ್ಕೂ ಹೋಗಬಹುದು, ಒಂದು ಸಲ ಕುಳಿತೆದ್ದರೆ ಅರ್ಧ ಲೀಟರಿನಷ್ಟು ಬೆವರು ಹರಿಯುತ್ತದೆ. ಆ ಸ್ಥಿತಿಯಲ್ಲಿ ದಿಢೀರನೆ ಎದ್ದರೆ ರಕ್ತ ಕಾಲಿನ ಕಡೆಗೆ ಇಳಿದು ರಕ್ತದೊತ್ತಡ ಕುಸಿಯುತ್ತದೆ. ಸಾಮಾನ್ಯವಾಗಿ ಹೃದಯ ವೇಗವಾಗಿ ಬಡಿದು ಅದನ್ನು ಸರಿದೂಗಿಸುತ್ತದೆ. ಪ್ರೊಪ್ರನೊಲಾಲ್ ಆ ವೇಗಕ್ಕೇ ಕಡಿವಾಣ ಹಾಕುವ ಔಷಧವಾದ್ದರಿಂದ ನಿಮ್ಮಂಥವರಿಗೆ ಬವಳಿ ಬರುವ ಸಾಧ್ಯತೆ ಹೆಚ್ಚು. ಹಾಗೆಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಅದನ್ನೂ ಥಟ್ಟನೆ ಬಿಡುವಂತಿಲ್ಲ.

ಬಿಸಿಯಿಂದ ಆದದ್ದನ್ನೂ ಮಾತ್ರೆ ಇಳಿಸಿದ್ದರಿಂದ ಆದದ್ದನ್ನೂ ಬೇರ್ಪಡಿಸಿ ನೋಡುವುದು ನಿಮಗೆ ಬಹಳ ಮುಖ್ಯ, ಏಕೆಂದರೆ ಎರಡರಲ್ಲೂ ಎದೆ ಬಡಿದುಕೊಳ್ಳುತ್ತದೆ, ಬೆವರು ಬರುತ್ತದೆ, ತಲೆ ಹಗುರಾಗುತ್ತದೆ. ಕೋಣೆಯೊಳಗೆ ಶುರುವಾಗಿ, ಹೊರಬಂದು ಮಲಗಿ ನೀರು ಕುಡಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋದರೆ ಅದು ಬಹುಮಟ್ಟಿಗೆ ಬಿಸಿಯದ್ದು. ಕ್ಲೊನಜೆಪಾಮ್ ಕಡಿತದ ತೊಂದರೆ ಸಾಮಾನ್ಯವಾಗಿ ಕೆಲವು ದಿನ ತಡವಾಗಿ ತಲೆದೋರಿ, ಹಗಲು ರಾತ್ರಿ ಎನ್ನದೆ ದಿನಗಟ್ಟಲೆ ಇರುತ್ತದೆ. ಒಂದು ಪುಸ್ತಕದಲ್ಲಿ ಕಡಿತದ ದಿನಾಂಕ, ನಿದ್ದೆಯ ಗಂಟೆ, ಸೌನಾಕ್ಕೆ ಹೋದ ದಿನ ಇಷ್ಟನ್ನು ಬರೆದಿಡಿ. ಸೌನಾದಲ್ಲಿ ಆದ ಒಂದು ತೊಂದರೆಯನ್ನು ನೋಡಿ ಹೆದರಿ ಹಳೆಯ ಪ್ರಮಾಣಕ್ಕೆ ಮರಳುವ ಅಗತ್ಯವಿಲ್ಲ. ಬದಲಾವಣೆ ಬೇಕೆನಿಸಿದರೆ ಅದು ವೈದ್ಯರ ಚೀಟಿಯಲ್ಲೇ ಆಗಲಿ.

ಸೌನಾವನ್ನು ಶಾಶ್ವತವಾಗಿ ಬಿಡಿ ಎಂದು ನಾನು ಹೇಳಲಾರೆ, ಆದರೆ ಈಗ ಬೇಡ. ಪ್ರತಿ ಕಡಿತದ ನಂತರ ನಿದ್ದೆ ಮತ್ತು ಮನಸ್ಸು ಒಂದು ಹದಕ್ಕೆ ಬರುವವರೆಗೆ ಬಿಸಿಯ ಪ್ರಯೋಗ ಮಾಡಬೇಡಿ. ಆಮೇಲೆ ನಿಮ್ಮ ವೈದ್ಯರು ಒಪ್ಪಿದರೆ ಕೆಳಗಿನ ಹಲಗೆಯ ಮೇಲೆ ಐದು ನಿಮಿಷ ಸಾಕು. ಒಬ್ಬರೇ ಹೋಗಬೇಡಿ, ಮಾತ್ರೆಯ ಮಂಪರು ಇರುವಾಗ ಹೋಗಬೇಡಿ, ಏಕೆಂದರೆ ಆ ಕೋಣೆಯಲ್ಲಿ ನಿದ್ದೆ ಹತ್ತಿದರೆ ಅಥವಾ ಫಿಟ್ಸ್ ಬಂದರೆ ಎಬ್ಬಿಸಿ ಹೊರತರುವವರು ಬೇಕು. ಏಳುವ ಮುನ್ನ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಳಿತಿರಿ. ಹೊರಬಂದ ಕೂಡಲೇ ತಣ್ಣೀರಿನ ತೊಟ್ಟಿಗೆ ಇಳಿಯಬೇಡಿ. ಮದ್ಯ ಕುಡಿದಿದ್ದರೆ ಆ ಬಾಗಿಲ ಬಳಿಗೂ ಹೋಗಬಾರದು. ಹಿಂದೆ ಫಿಟ್ಸ್ ಬಂದಿದ್ದವರು, ಹೃದ್ರೋಗಿಗಳು, ಬೆವರನ್ನೇ ತಗ್ಗಿಸುವ ಟೋಪಿರಮೇಟ್, ಅಮಿಟ್ರಿಪ್ಟಿಲೀನ್‌ನಂಥ ಔಷಧ ಸೇವಿಸುವವರು, ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಮಟ್ಟ ಏರುವ ಲಿಥಿಯಂ ಸೇವಿಸುವವರು ಈ ಅವಧಿಯಲ್ಲಿ ಸೌನಾದಿಂದ ದೂರವಿರುವುದೇ ಒಳ್ಳೆಯದು.

ನಿಮಗೆ ಬೇಕಿರುವುದು ನಿದ್ದೆಯಾದರೆ ಅದಕ್ಕೆ ಸುಲಭದ ದಾರಿ ಮನೆಯಲ್ಲೇ ಇದೆ. ಮಲಗುವ ಒಂದೆರಡು ಗಂಟೆ ಮೊದಲು ಸುಮಾರು 40 ಡಿಗ್ರಿಯ ಹದವಾದ ಬಿಸಿನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೆ, ಬಳಿಕ ದೇಹದ ಒಳಗಿನ ಉಷ್ಣತೆ ಇಳಿಯುತ್ತಾ ನಿದ್ದೆ ಬೇಗ ಹತ್ತಲು ನೆರವಾಗುತ್ತದೆ. ಮಾತ್ರೆ ನುಂಗುವುದು ಸ್ನಾನದ ನಂತರ ಇರಲಿ. ಮಧ್ಯರಾತ್ರಿ ಆತಂಕ ಏರಿ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸಿದರೆ ಅಥವಾ ಕೇಳಿಸಿದರೆ, ಮಾತು ತೊದಲಿ ಗೊಂದಲವಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ತಾಯಿಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ಅಲ್ಪ್ರಜೋಲಮ್ ಮಾತ್ರೆಯನ್ನು ವೈದ್ಯರು ಇಳಿಸುತ್ತಿದ್ದಾರೆ. ವಾರಕ್ಕೊಮ್ಮೆ ಎಣ್ಣೆ ಹಚ್ಚಿಕೊಂಡು ಸುಡುಸುಡು ನೀರು ಹುಯ್ದುಕೊಳ್ಳುವುದು ಅವರ ರೂಢಿ. ಇತ್ತೀಚೆಗೆ ಬಚ್ಚಲಿನಲ್ಲೇ ತಲೆ ಸುತ್ತುತ್ತದೆ ಎನ್ನುತ್ತಾರೆ. ಎಣ್ಣೆಸ್ನಾನ ನಿಲ್ಲಿಸಬೇಕೆ?

ಉತ್ತರ: ಎಣ್ಣೆಸ್ನಾನ ಇರಲಿ, ಸುಡುಸುಡು ನೀರು ಬೇಡ. ಸಕ್ಕರೆ ಕಾಯಿಲೆಯವರ ಕಾಲಿಗೆ ಸ್ಪರ್ಶ ಮಂದವಾಗಿದ್ದರೆ ಬೊಬ್ಬೆ ಬಂದ ಮೇಲಷ್ಟೇ ನೀರಿನ ಬಿಸಿ ಗೊತ್ತಾಗುತ್ತದೆ, ಆದ್ದರಿಂದ ನೀರಿನ ಹದವನ್ನು ನೀವು ಮೊಣಕೈ ಅದ್ದಿ ನೋಡಿ. ಅವರು ಕುಳಿತೇ ಸ್ನಾನ ಮಾಡಲಿ, ಬಾಗಿಲಿಗೆ ಚಿಲಕ ಹಾಕದಿರಲಿ. ಅಲ್ಪ್ರಜೋಲಮ್ ನುಂಗಿದ ಒಂದೆರಡು ಗಂಟೆಯಲ್ಲಿ ಅದರ ಪ್ರಭಾವ ಅತಿ ಹೆಚ್ಚಿರುವುದರಿಂದ ಆ ಹೊತ್ತಿನಲ್ಲಿ ಎಣ್ಣೆ ಜಾರುವ ನೆಲದ ಮೇಲೆ ನಿಲ್ಲುವುದು ಸೊಂಟದ ಮೂಳೆಗೆ ಅಪಾಯ. ಏಪ್ರಿಲ್, ಮೇ ತಿಂಗಳ ನಿಮ್ಮ ಕಡೆಯ ಸೆಕೆಯಲ್ಲಿ ದೇಹದಲ್ಲಿ ನೀರು ಮೊದಲೇ ಕಡಿಮೆಯಾಗಿರುತ್ತದೆ, ಸ್ನಾನಕ್ಕೆ ಮುಂಚೆ ಒಂದು ಲೋಟ ಮಜ್ಜಿಗೆ ಕೊಡಿ. ಮಲಗಿದಾಗ ಮತ್ತು ಎದ್ದು ನಿಂತಾಗ ರಕ್ತದೊತ್ತಡವನ್ನೂ, ತಲೆ ಸುತ್ತಿದ ಹೊತ್ತಿನಲ್ಲಿ ಸಕ್ಕರೆಯ ಮಟ್ಟವನ್ನೂ ಅಳೆಸಿ ವೈದ್ಯರಿಗೆ ತೋರಿಸಿ.

ನಿಮ್ಮ ಪತ್ರದಲ್ಲಿ ಇಲ್ಲದ ಇನ್ನೊಂದು ಮಾತನ್ನು ಕೇಳಲೇಬೇಕು. ನೀರು ಕಾಯಿಸುವುದು ಬಚ್ಚಲಿನೊಳಗಿನ ಗ್ಯಾಸ್ ಗೀಸರ್‌ನಲ್ಲಿಯೆ ಅಥವಾ ಸೌದೆ ಒಲೆಯಲ್ಲಿಯೆ? ಗಾಳಿ ಆಡದ ಕೋಣೆಯಲ್ಲಿ ಇವೆರಡೂ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಬಿಡುತ್ತವೆ, ಅದರ ಮೊದಲ ಲಕ್ಷಣವೇ ತಲೆನೋವು ಮತ್ತು ತಲೆಸುತ್ತು. ಮಾತ್ರೆಯ ಮೇಲೆ ತಪ್ಪು ಹೊರಿಸುವ ಮುನ್ನ, ಮುಂದಿನ ಸ್ನಾನಕ್ಕೂ ಮೊದಲೇ, ಆ ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ, ಇಲ್ಲವೇ ನೀರನ್ನು ಹೊರಗೆ ಕಾಯಿಸಿ ಒಳಗೆ ತಂದುಕೊಡಿ.