ಅಮೆರಿಕದ ಫೋನ್ ಬಿಲ್ಲಿನಲ್ಲಿರುವ ‘ಯೂನಿವರ್ಸಲ್ ಸರ್ವಿಸ್’ ದುಡ್ಡು ಯಾರ ಜೇಬಿಗೆ ಹೋಗುತ್ತದೆ?

ಓದಲು ಇಲ್ಲಿಗೆ ಬಂದು ಮೂರು ತಿಂಗಳಾಯಿತು, ಫೋನ್ ಬಿಲ್ಲಿನಲ್ಲಿ ಈ ಹೆಸರಲ್ಲಿ ಪ್ರತಿ ಸಲ ಒಂದಿಷ್ಟು ಹಿಡಿಯುತ್ತಿದ್ದಾರೆ, ಕೊಡಲ್ಲ ಅನ್ನಬಹುದಾ ಅಂತ ಕೇಳಿದ್ದೀರಿ. ಆ ದುಡ್ಡಿಗಾಗಿ ವರ್ಷವರ್ಷವೂ ಅರ್ಜಿ ಹಾಕುವವರಲ್ಲಿ ನಾನೂ ಒಬ್ಬ! ಇಲ್ಲಿನ ಹಳ್ಳಿಗಾಡಿನ ಒಂದು ಶಾಲಾ ಜಿಲ್ಲೆಯಲ್ಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು.

ಊರಾಚೆಯ ಒಂಟಿ ಮನೆಗೂ ಫೋನ್ ಸಿಗಬೇಕು ಅನ್ನುವುದು ಇಲ್ಲಿ ಹಳೆಯ ಮಾತು. 1996ರ ಟೆಲಿಕಾಂ ಕಾಯ್ದೆ ಆ ಪಟ್ಟಿಗೆ ಶಾಲೆ, ಲೈಬ್ರರಿ, ಹಳ್ಳಿ ಆಸ್ಪತ್ರೆಗಳನ್ನೂ ಸೇರಿಸಿತು. ರಾಜ್ಯದ ಗಡಿ, ದೇಶದ ಗಡಿ ದಾಟುವ ಫೋನ್ ಸೇವೆಯಿಂದ ಕಂಪನಿಗಳಿಗೆ ಬರುವ ಆದಾಯದಲ್ಲಿ ಒಂದು ಪಾಲು ಇದಕ್ಕಾಗಿಯೇ ಇರುವ ‘ಯೂನಿವರ್ಸಲ್ ಸರ್ವಿಸ್’ ನಿಧಿಗೆ ಹೋಗಬೇಕು. ಪಾಲು ಎಷ್ಟು ಅಂತ ಮೂರು ತಿಂಗಳಿಗೊಮ್ಮೆ ಎಫ್‌ಸಿಸಿ, ಅಂದರೆ ಇಲ್ಲಿನ ಟೆಲಿಕಾಂ ನಿಯಂತ್ರಣ ಸಂಸ್ಥೆ, ಹೇಳುತ್ತದೆ. 2025ರ ಮೊದಲ ಮೂರು ತಿಂಗಳಿಗೆ ಅದು ಶೇ. 36.3 ಇತ್ತು. ಗಾಬರಿ ಬೇಡ, ಇದು ಇಡೀ ಬಿಲ್ಲಿನ ಮೇಲಲ್ಲ. ಇಂಟರ್ನೆಟ್ ಆದಾಯಕ್ಕೆ ಇದು ತಗಲುವುದೇ ಇಲ್ಲ. ಜನ ಮಾತು ಬಿಟ್ಟು ಡೇಟಾ ಕಡೆ ವಾಲಿದಂತೆ ಲೆಕ್ಕಕ್ಕೆ ಸಿಗುವ ಆದಾಯ ಕುಗ್ಗಿತು, ಶೇಕಡಾ ಏರಿತು. ಶಾಲೆಗೆ ಇಂಟರ್ನೆಟ್ ಕೊಡಿಸಲು ಫೋನ್ ಮಾತಿನ ಮೇಲೆ ಶುಲ್ಕ. ವಿಚಿತ್ರ ಅಲ್ವಾ?

ಶಾಲೆ, ಲೈಬ್ರರಿಗಳ ಪಾಲಿಗೆ ‘ಇ-ರೇಟ್’ ಅಂತ ಹೆಸರು. ನಮ್ಮ ಕೈಗೆ ಇಷ್ಟು ಅಂತ ದುಡ್ಡು ಕೊಟ್ಟುಬಿಡುವುದಿಲ್ಲ, ಇಂಟರ್ನೆಟ್ ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತಾರೆ. ಶೇ. 20ರಿಂದ 90ರವರೆಗೆ. ಯಾರಿಗೆ ಎಷ್ಟು ಅಂತ ಹೇಗೆ ತೀರ್ಮಾನ ಅಂದುಕೊಂಡಿರಿ? ಮಕ್ಕಳ ಊಟದಿಂದ. ನಮ್ಮೂರ ಶಾಲೆಗಳಲ್ಲಿ ಬಿಸಿಯೂಟ ಎಲ್ಲರಿಗೂ ಒಂದೇ. ಇಲ್ಲಿ ಬಡ ಮನೆಯ ಮಕ್ಕಳಿಗೆ ಮಾತ್ರ ಬಿಟ್ಟಿ ಅಥವಾ ಕಡಿಮೆ ಬೆಲೆಯ ಊಟ ಅನ್ನುವುದು ಹಳೆಯ ಪದ್ಧತಿ. ಅದಕ್ಕೆ ಅರ್ಹರಾದ ಮಕ್ಕಳು ಎಷ್ಟು ಪಾಲು ಅನ್ನುವುದೇ ಅಳತೆಗೋಲು. ಹಳ್ಳಿಯ ಜಿಲ್ಲೆಯಲ್ಲಿ ಆ ಪಾಲು ಶೇ. 49 ಆದರೆ ರಿಯಾಯಿತಿ 70, ಶೇ. 50 ಮುಟ್ಟಿದರೆ 80. ತಿಂಗಳ ಬಿಲ್ಲು 3000 ಡಾಲರ್ ಅಂತಿಟ್ಟುಕೊಳ್ಳಿ. ನಾವು ಕಟ್ಟಬೇಕಾದ್ದು 900ರಿಂದ 600ಕ್ಕೆ ಇಳಿಯುತ್ತದೆ. ಹೀಗೆ ಅಂಚಿನಲ್ಲಿರುವಾಗ ನಾಲ್ಕೈದು ಮನೆಯವರು ನಾಚಿಕೆಗೆ ಊಟದ ಅರ್ಜಿ ತುಂಬದಿದ್ದರೆ ಇಡೀ ಜಿಲ್ಲೆಗೆ ಹೊಡೆತ. ಹಾಗಾಗಿ ನಮ್ಮಲ್ಲಿ ಆಫೀಸಿನವರು ಮನೆಮನೆಗೆ ಫೋನ್ ಮಾಡಿ, ಅರ್ಜಿ ಕಳಿಸಿ ಅಂತ ಕೇಳುತ್ತಾ ಕೂರುತ್ತಾರೆ. ಊರಿನ ಲೈಬ್ರರಿಯ ರಿಯಾಯಿತಿಯೂ ಅದು ಇರುವ ಶಾಲಾ ಜಿಲ್ಲೆಯ ಲೆಕ್ಕದ ಮೇಲೆಯೇ ನಿಂತಿದೆ. ಅಲ್ಲಿ ಕೂತು ಪೇಪರ್ ಓದುವ ಅಜ್ಜನಿಗೆ ಈ ಊಟದ ಕಥೆ ಗೊತ್ತೇ ಇಲ್ಲ.

ರಿಯಾಯಿತಿ ಸುಮ್ನೆ ಬರುವುದಿಲ್ಲ. ಮೊದಲು 470 ಅನ್ನುವ ಫಾರಂ ಹಾಕಿ ನಮಗೆ ಏನು ಬೇಕು ಅಂತ ಎಲ್ಲ ಕಂಪನಿಗಳಿಗೂ ಕಾಣುವಂತೆ ಪ್ರಕಟಿಸಬೇಕು. ಕನಿಷ್ಠ 28 ದಿನ ಕಾಯಬೇಕು. ಬಂದ ಕೊಟೇಶನ್‌ಗಳಲ್ಲಿ ಬೆಲೆಗೇ ಹೆಚ್ಚು ಅಂಕ ಕೊಡಬೇಕು. ಕಂಪನಿಯವರು 20 ಡಾಲರಿಗಿಂತ ಜಾಸ್ತಿ ಬೆಲೆಯ ಊಟ ಕೊಡಿಸಿದರೂ ತಪ್ಪು. ಕಾಗದಪತ್ರ 10 ವರ್ಷ ಜೋಪಾನ ಮಾಡಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ದಿನ ಎಣಿಸುವುದರಲ್ಲಿ ಎಡವಿದೆ. 27ನೇ ದಿನಕ್ಕೇ ಒಪ್ಪಂದಕ್ಕೆ ಸಹಿ ಹಾಕಿಸಿಬಿಟ್ಟೆ. ಅರ್ಜಿ ತಿರಸ್ಕಾರವಾಯಿತು. ಆ ವರ್ಷದ ಬಿಲ್ಲನ್ನು ಜಿಲ್ಲೆ ಪೂರ್ತಿ ತಾನೇ ಕಟ್ಟಿತು. ಆಮೇಲಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿಂದ ಒಂದೊಂದೇ ದಿನ ಹೊಡೆದುಹಾಕುತ್ತೇನೆ.

ಹಳ್ಳಿ ಆಸ್ಪತ್ರೆಗಳದ್ದು ಬೇರೆ ಲೆಕ್ಕ. ಒಂದು ಯೋಜನೆಯಲ್ಲಿ ಇಂಟರ್ನೆಟ್ ಖರ್ಚಿನ ಶೇ. 65ನ್ನು ನಿಧಿ ಕೊಡುತ್ತದೆ. ಇನ್ನೊಂದರಲ್ಲಿ, ಪೇಟೆಯ ದರಕ್ಕೂ ಹಳ್ಳಿಯ ದರಕ್ಕೂ ಇರುವ ವ್ಯತ್ಯಾಸವನ್ನು ತುಂಬಿಕೊಡುತ್ತದೆ. ಅಲಾಸ್ಕಾದಂಥ ಕಡೆ, ರಸ್ತೆಯೇ ಇಲ್ಲದ ಊರಿನ ಕ್ಲಿನಿಕ್ಕಿಗೆ ಇದು ದೊಡ್ಡ ಮೊತ್ತ. ಇಲ್ಲದಿದ್ದರೆ ದೂರದ ಡಾಕ್ಟರಿಗೆ ಎಕ್ಸ್‌ರೇ ಕಳಿಸುವುದು ಅವರಿಗೆ ಕೈಗೆಟುಕುವ ಮಾತಲ್ಲ.

ಕೊಡಲ್ಲ ಅಂದವರು ನಿಮಗಿಂತ ಮೊದಲೇ ಕೋರ್ಟಿಗೆ ಹೋಗಿ ಬಂದಿದ್ದಾರೆ. ತೆರಿಗೆ ಹಾಕುವುದು ಸಂಸತ್ತಿನ ಕೆಲಸ, ಎಫ್‌ಸಿಸಿಗೆ ಬಿಟ್ಟುಕೊಟ್ಟದ್ದು ತಪ್ಪು ಅಂತ ಅವರ ವಾದ. 2024ರಲ್ಲಿ ಕೆಳಗಿನ ಕೋರ್ಟೊಂದು ಒಪ್ಪಿಯೂ ಬಿಟ್ಟಿತ್ತು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ನಿಧಿಯನ್ನು ಎತ್ತಿಹಿಡಿಯಿತು. ತೀರ್ಪು ಬರುವವರೆಗೆ ನನಗಂತೂ ನಿದ್ದೆ ಅಷ್ಟಕ್ಕಷ್ಟೇ.

ಅಂದಹಾಗೆ, ಇಂಡಿಯಾದಲ್ಲೂ ನೀವು ಇಂಥದ್ದೇ ಒಂದಕ್ಕೆ ಕೊಡುತ್ತಿದ್ದಿರಿ. ಅಲ್ಲಿ ಕಂಪನಿಗಳ ಆದಾಯದ ಶೇ. 5 ಹೀಗೇ ಒಂದು ನಿಧಿಗೆ ಹೋಗುತ್ತದೆ, ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಲೈಸೆನ್ಸ್ ಶುಲ್ಕದೊಳಗೇ ಸೇರಿರುವುದರಿಂದ ಬಿಲ್ಲಿನಲ್ಲಿ ಕಾಣುತ್ತಿರಲಿಲ್ಲ ಅಷ್ಟೇ.

ಇಲ್ಲೂ ನಿಮ್ಮಿಂದಲೇ ವಸೂಲಿ ಮಾಡಬೇಕು ಅಂತ ಕಾನೂನಿಲ್ಲ. ಕಂಪನಿ ತಾನೇ ಭರಿಸಬಹುದು. ಆದರೆ ಗ್ರಾಹಕರ ಮೇಲೆ ಹಾಕಲು ಅವಕಾಶವಿದೆ, ಬಹುತೇಕರು ಹಾಕುತ್ತಾರೆ. ಅದೇ ಬಿಲ್ಲಿನಲ್ಲಿ ‘ಅಡ್ಮಿನಿಸ್ಟ್ರೇಟಿವ್ ಫೀ’ ಅಂತ ಇನ್ನೊಂದು ಸಾಲು ಇದೆಯಾ ನೋಡಿ. ಅದು ಸರ್ಕಾರದ್ದಲ್ಲ, ಕಂಪನಿ ತಾನೇ ಹಾಕಿಕೊಂಡದ್ದು. ಜಗಳ ಆಡುವುದಿದ್ದರೆ ಅದರ ಬಗ್ಗೆ ಆಡಿ.