ಹೊಲ ಮುಳುಗುವಾಗ ಸಂವಿಧಾನ ಏನು ಹೇಳುತ್ತದೆ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ವಕೀಲ ಅಕ್ಕಾವ್ರಿಗೆ ನಮಸ್ಕಾರ. ಆಲಮಟ್ಟಿ ಎತ್ತರ ಮಾಡಿದ್ರ ಹಿನ್ನೀರಿಗೆ ನಮ್ಮ ಹೊಲ ಹೋಗ್ತೈತಿ. ಈ ಹೊಲ ನಮ್ಮಪ್ಪಗ ಫಾರಂ ನಂಬರ್ 7 ತುಂಬಿದ ಮ್ಯಾಲ ಬಂದದ್ದು. ಆಸ್ತಿ ಈಗ ಮೂಲಭೂತ ಹಕ್ಕಲ್ಲ, ಸರ್ಕಾರ ಹೆಂಗ ಬೇಕಾದ್ರೂ ತಗೋಬಹುದು ಅಂತ ಊರಾಗ ಹೇಳ್ತಾರ. ಖರೇ ಏನ್ರಿ?
(ಒಬ್ಬ ರೈತ, ಬೀಳಗಿ ತಾಲೂಕು)

ಉತ್ತರ: ಕಾಕಾ, ಊರವರ ಮಾತಿನಲ್ಲಿ ಅರ್ಧ ಖರೆ. ಆಸ್ತಿ ಈಗ ಮೂಲಭೂತ ಹಕ್ಕಲ್ಲ, ಹೌದು. ‘ಹೆಂಗ ಬೇಕಾದ್ರೂ’ ಅನ್ನುವುದು ಸುಳ್ಳು. ಆ ಸುಳ್ಳು ನಂಬಿಯೇ ನಮ್ಮ ಭಾಗದ ಎಷ್ಟೋ ಮಂದಿ ಕೈಕಟ್ಟಿ ಕೂತಿದ್ದಾರೆ.

1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ 19ನೇ ಮತ್ತು 31ನೇ ವಿಧಿಗಳಲ್ಲಿ ಆಸ್ತಿಯ ಹಕ್ಕು ಇತ್ತು. ಅದೇ ಸಂವಿಧಾನದ 39ನೇ ವಿಧಿ, ನಾಡಿನ ಸಂಪತ್ತು ಎಲ್ಲರ ಹಿತಕ್ಕೆ ಒದಗುವಂತೆ ಹಂಚಿಕೆಯಾಗಬೇಕು ಎಂದು ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತ್ತು. ಮೊದಲನೆಯದನ್ನು ಹಿಡಿದು ಜಮೀನ್ದಾರರು ಕೋರ್ಟಿಗೆ ಹೋದರು. ಎರಡನೆಯದನ್ನು ಹಿಡಿದು ಸರ್ಕಾರಗಳು ಭೂಸುಧಾರಣೆಗೆ ಇಳಿದವು. 1951ರ ಮೊದಲನೇ ತಿದ್ದುಪಡಿಯಿಂದ ಶುರುವಾದ ಈ ಜಗ್ಗಾಟ 1978ರ 44ನೇ ತಿದ್ದುಪಡಿಯವರೆಗೂ ನಡೆಯಿತು. ಆಗ ಆಸ್ತಿಯನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದು 300ಎ ಎಂಬ ಬೇರೆ ವಿಧಿಯಲ್ಲಿ ಇಟ್ಟರು.

ನಿಮ್ಮ ತಂದೆಯವರಿಗೆ ಹೊಲ ಬಂದದ್ದೂ ಆ ಜಗ್ಗಾಟದಿಂದಲೇ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಜಮೀನು ಸರ್ಕಾರದ ವಶವಾಯಿತು. ಫಾರಂ 7 ಕೊಟ್ಟು, ಗೇಣಿದಾರ ನಾನೇ ಎಂದು ತೋರಿಸಿಕೊಟ್ಟವರ ಹೆಸರಿಗೆ ಭೂನ್ಯಾಯ ಮಂಡಳಿ ಒಡೆತನ ಬರೆಯಿತು. ಅಂದು ಒಡೆಯರ ಕೈಯಿಂದ ಹೊಲ ತೆಗೆದ ಅಧಿಕಾರವೇ ಇಂದು ನಿಮ್ಮ ಬದುವಿನ ಮೇಲೆ ಬಂದು ನಿಂತಿದೆ. ಇಂಥ ಅಧಿಕಾರವೇ ಇರಬಾರದು ಎಂದು ನಾನು ಹೇಳಲಾರೆ ಕಾಕಾ, ಅದಿರದಿದ್ದರೆ ನಿಮ್ಮಪ್ಪ ಗೇಣಿ ಅಳೆಯುತ್ತಲೇ ಇರುತ್ತಿದ್ದರು. ಅಧಿಕಾರಕ್ಕೆ ಕಟ್ಟಿದ ಷರತ್ತು ಯಾವುದು ಎಂದು ಕೇಳಿ. ಷರತ್ತಿಲ್ಲದ ಅಧಿಕಾರವನ್ನು ನಮ್ಮ ಸಂವಿಧಾನ ರಾಷ್ಟ್ರಪತಿಗೂ ಕೊಟ್ಟಿಲ್ಲ.

300ಎ ವಿಧಿಯ ಷರತ್ತು ಒಂದೇ ಸಾಲಿನದು: ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ 2024ರಲ್ಲಿ ಕೊಲ್ಕತ್ತಾ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಈ ಸಾಲನ್ನು ಬಿಡಿಸಿ ಹೇಳಿತು. ನೋಟಿಸು ಕೊಡಬೇಕು, ತಕರಾರು ಕೇಳಬೇಕು, ಕಾರಣ ಬರೆದು ತೀರ್ಮಾನಿಸಬೇಕು, ಸಾರ್ವಜನಿಕ ಉದ್ದೇಶ ಇರಬೇಕು, ನ್ಯಾಯವಾದ ಪರಿಹಾರ ಸಿಗಬೇಕು, ಕೆಲಸ ವರ್ಷಾನುಗಟ್ಟಲೆ ಎಳೆಯಬಾರದು, ಕೊನೆಗೆ ಪೂರ್ತಿ ಮುಗಿಯಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಕೇಳಬಹುದು. ಮೂಲಭೂತ ಹಕ್ಕಲ್ಲವಾದ್ದರಿಂದ 32ನೇ ವಿಧಿಯಡಿ ನೇರ ದಿಲ್ಲಿಗೆ ಹೋಗಲು ಬರುವುದಿಲ್ಲ. 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ನಿಮಗೆ ಅದು ಧಾರವಾಡ ಪೀಠ.

ಇನ್ನು ಹಣದ ಮಾತು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಹಳ್ಳಿಯ ಜಮೀನಿನ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನವರೆಗೆ ಹೆಚ್ಚಿಸಿ, ಹೊಲದಲ್ಲಿರುವ ಬಾವಿ, ಗಿಡಮರಗಳ ಬೆಲೆ ಕೂಡಿಸಿ, ಬಂದ ಮೊತ್ತದಷ್ಟೇ ಇನ್ನೊಂದು ಮೊತ್ತವನ್ನು ಸೊಲೇಶಿಯಂ ಎಂದು ಕೊಡಬೇಕು. ಐತೀರ್ಪಿನ, ಅಂದರೆ ಪರಿಹಾರ ಇಷ್ಟು ಎಂದು ಅಧಿಕಾರಿ ಹೊರಡಿಸುವ ಆದೇಶದ, ಮೊತ್ತ ಕಡಿಮೆ ಎನಿಸಿದರೆ ಹಣವನ್ನು ‘ಅಂಡರ್ ಪ್ರೊಟೆಸ್ಟ್’ (ತಕರಾರು ಇಟ್ಟುಕೊಂಡೇ ತೆಗೆದುಕೊಳ್ಳುತ್ತಿದ್ದೇನೆ) ಎಂದು ಬರೆದುಕೊಟ್ಟೇ ಸ್ವೀಕರಿಸಿ. ಹಾಗೆ ಬರೆಯದೆ ತೆಗೆದುಕೊಂಡವರಿಗೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚಿಹೋಗುತ್ತದೆ. ಈಗ ಹಣ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ, ಆದ್ದರಿಂದ ಜಮಾ ಆಗುವ ಮೊದಲೇ ಭೂಸ್ವಾಧೀನಾಧಿಕಾರಿಗೆ ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಐತೀರ್ಪಿನ ದಿನ ನೀವು ಹಾಜರಿದ್ದರೆ ಹೆಚ್ಚಿನ ಪರಿಹಾರಕ್ಕೆ 6 ವಾರದೊಳಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ನೋಟಿಸು ಮುಟ್ಟಿದ 6 ವಾರ ಅಥವಾ ಐತೀರ್ಪಿನಿಂದ 6 ತಿಂಗಳು, ಯಾವುದು ಮೊದಲೋ ಅದು. ‘ಒಪ್ಪಿಗೆ ಇದೆ’ ಎಂದು ಬರೆಸಿಕೊಳ್ಳುವ ಕಾಗದ ಬಂದರೆ, ಓದಿಸಿ ಕೇಳದೆ ಸಹಿ ಬೇಡ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಳೇ ಬಾಗಲಕೋಟೆಯಲ್ಲಿ ನಮ್ಮಜ್ಜನ ಮನೆ ಮುಳುಗಡೆಯಾದಾಗ ಇದ್ದದ್ದು 1894ರ ಕಾಯ್ದೆ. ಅದರಲ್ಲೂ ಈ ಷರತ್ತು ಇತ್ತು. ಪಕ್ಕದ ಮನೆಯವರು ಪ್ರೊಟೆಸ್ಟ್ ಬರೆದು ಚೆಕ್ ತಗೊಂಡರು, ಕೋರ್ಟಿಗೆ ಹೋಗಿ ಹೆಚ್ಚಿನ ಹಣ ಪಡೆದರು. ಅಜ್ಜನಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ನಡುವೆ ಇದ್ದದ್ದು ಒಂದೇ ಗೋಡೆ. ನಾನು ವಕೀಲಿಕೆ ಓದಿದ್ದು ಆ ಗೋಡೆಯ ಕಾರಣಕ್ಕೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಕ್ಕಳು ಪ್ರಾರ್ಥನೆಯಾದ ಮೇಲೆ ಸಂವಿಧಾನದ ಪೀಠಿಕೆ ಓದುತ್ತಾರೆ. ಏಳನೇ ತರಗತಿಯ ಹುಡುಗಿಯೊಬ್ಬಳು, “ಟೀಚರ್, ಗೆದ್ದವರೆಲ್ಲ ಸೇರಿ ಇದನ್ನು ಅಳಿಸಿದರೆ?” ಎಂದು ಕೇಳಿದಳು. ಏನು ಹೇಳಲಿ?
(ಶಿಕ್ಷಕಿ, ಇಂಡಿ)

ಉತ್ತರ: ಟೀಚರ್, ಆ ಹುಡುಗಿ ಕೇಳಿದ ಪ್ರಶ್ನೆಯನ್ನೇ 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೂತು ವಿಚಾರಿಸಿದರು. ಅವಳಿಗೆ ಮೊದಲು ಅದನ್ನು ಹೇಳಿ, ಖುಷಿಪಡಲಿ.

ಆ ಕೇಸೂ ಹುಟ್ಟಿದ್ದು ಭೂಮಿಯಿಂದಲೇ. ಕಾಸರಗೋಡಿನ ಎಡನೀರು ಮಠ ನಮ್ಮ ಕನ್ನಡದ ಮಠ. ಅದರ ಜಮೀನಿಗೆ ಕೇರಳದ ಭೂಸುಧಾರಣೆ ಕಾನೂನು ತಟ್ಟಿದಾಗ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ದಾವೆ ಹೂಡಿದರು. ನಾನಿ ಪಾಲ್ಖಿವಾಲಾ ಅವರ ಪರ ವಾದಿಸಿದರು. ವಿಚಾರಣೆ 68 ದಿನ ನಡೆಯಿತು. ಹೊತ್ತು ಹೋದಂತೆ ಮಠದ ಜಮೀನಿನ ಮಾತು ಹಿಂದೆ ಬಿದ್ದು, 368ನೇ ವಿಧಿಯಡಿ ಸಂಸತ್ತು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು ಎಂಬುದೇ ದೊಡ್ಡದಾಯಿತು. ಏಪ್ರಿಲ್ 24ರಂದು ತೀರ್ಪು ಬಂತು: ಯಾವ ಭಾಗವನ್ನಾದರೂ ತಿದ್ದಬಹುದು, ಮೂಲ ಸಂರಚನೆಯನ್ನು ಕೆಡವಲು ಮಾತ್ರ ಬರುವುದಿಲ್ಲ. ಸಂವಿಧಾನವೇ ಮೇಲು ಎಂಬುದು, ಪ್ರಜಾಪ್ರಭುತ್ವ ಮತ್ತು ಗಣರಾಜ್ಯ, ಜಾತ್ಯತೀತತೆ, ಅಧಿಕಾರದ ವಿಂಗಡಣೆ, ಒಕ್ಕೂಟ ವ್ಯವಸ್ಥೆ, ಇವನ್ನು ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅದರೊಳಗೆ ಎಣಿಸಿದರು. ಪೀಠಿಕೆಯೂ ಸಂವಿಧಾನದ ಭಾಗವೇ ಎಂದು ಕೋರ್ಟು ಆಗ ಹೇಳಿತು. 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆ! ಇಷ್ಟು ದೊಡ್ಡ ಮಾತು ಒಂದೇ ಮತದ ಅಂತರದಲ್ಲಿ ನಿಂತಿತಲ್ಲ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪರೀಕ್ಷೆ ಬೇಗನೇ ಬಂತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ಪೀಠಿಕೆಗೆ ‘ಸಮಾಜವಾದಿ’, ‘ಜಾತ್ಯತೀತ’, ‘ಅಖಂಡತೆ’ ಎಂಬ ಪದಗಳನ್ನು ಸೇರಿಸಿತು. ಅದರ ಜೊತೆಗೇ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿಯೇ ಇಲ್ಲ, ಕೋರ್ಟು ಪ್ರಶ್ನಿಸುವಂತಿಲ್ಲ ಎಂದೂ ಬರೆಯಿತು. ಪದಗಳು ಉಳಿದವು. ಮಿತಿಯಿಲ್ಲ ಎಂಬ ಮಾತನ್ನು ಕೋರ್ಟು 1980ರಲ್ಲಿ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ತೆಗೆದುಹಾಕಿತು. ನಮ್ಮ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದಾಗಲೂ, ಬಹುಮತ ಇದೆಯೋ ಇಲ್ಲವೋ ಸದನದಲ್ಲಿ ಸಾಬೀತಾಗಲಿ, ರಾಜ್ಯಪಾಲರು ತಮ್ಮಷ್ಟಕ್ಕೆ ಲೆಕ್ಕ ಹಾಕುವುದಲ್ಲ ಎಂದು 9 ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಹೇಳಿತು.

ಮಗುವಿಗೆ ಹೀಗೆ ಹೇಳಿ ನೋಡಿ: ತರಗತಿಯ ಲೀಡರನ್ನು ನೀವೇ ಆರಿಸಿದ್ದೀರಿ, ಅವನು ಆಟ ಬದಲಿಸಬಹುದು, ಹೊತ್ತು ಬದಲಿಸಬಹುದು. “ಇನ್ನು ಮುಂದೆ ಲೀಡರ್ ಆರಿಸುವುದೇ ಇಲ್ಲ, ಹುಡುಗಿಯರು ಆಟಕ್ಕೇ ಇಲ್ಲ” ಎನ್ನಲು ಬರುವುದಿಲ್ಲ, ಎಲ್ಲ ಹುಡುಗರು ಕೈ ಎತ್ತಿದರೂ ಬರುವುದಿಲ್ಲ. ಅವಳಿಗೆ ಕೂಡಲೇ ತಿಳಿಯುತ್ತದೆ.

ಪ್ರಶ್ನೆ: ಬೆಳಗಾವಿಯಲ್ಲಿ ಅಧಿವೇಶನ ನಡೆಸಲು ಸಂವಿಧಾನ ತಿದ್ದಬೇಕಾಗಿತ್ತೇ? ರಾಜ್ಯದ ಗಡಿ ಬದಲಿಸುವ ಅಧಿಕಾರ ಕೋರ್ಟಿನದೋ, ಸಂಸತ್ತಿನದೋ?
(ಬಿ.ಎ. ವಿದ್ಯಾರ್ಥಿ, ಬೆಳಗಾವಿ)

ಉತ್ತರ: ತಿದ್ದಬೇಕಿರಲಿಲ್ಲ ತಮ್ಮಾ. 174ನೇ ವಿಧಿ ನೋಡು. ತಾವು ಸೂಕ್ತವೆಂದು ತಿಳಿದ ಹೊತ್ತಿಗೆ, ತಿಳಿದ ಸ್ಥಳದಲ್ಲಿ ರಾಜ್ಯಪಾಲರು ಸದನ ಕರೆಯುತ್ತಾರೆ. ಸಚಿವ ಸಂಪುಟದ ಸಲಹೆಯಂತೆ. ರಾಜಧಾನಿಯಲ್ಲೇ ಎಂದು ಎಲ್ಲೂ ಬರೆದಿಲ್ಲ. ಎರಡು ಅಧಿವೇಶನಗಳ ನಡುವೆ 6 ತಿಂಗಳು ಮೀರಬಾರದು ಎಂಬುದೊಂದೇ ಷರತ್ತು. ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಗುವ ಮೊದಲೇ, 2006ರಲ್ಲಿ ಇಲ್ಲಿ ಅಧಿವೇಶನ ನಡೆದಿತ್ತು.

ಗಡಿಯದು 3ನೇ ವಿಧಿ. ಸಂಸತ್ತು ಸಾಮಾನ್ಯ ಕಾನೂನಿನಿಂದಲೇ ಗಡಿ ಬದಲಿಸಬಹುದು. ಮಸೂದೆಯನ್ನು ಮೊದಲು ರಾಷ್ಟ್ರಪತಿಗಳು ಆಯಾ ರಾಜ್ಯದ ಶಾಸಕಾಂಗಕ್ಕೆ ಕಳಿಸಿ ಅಭಿಪ್ರಾಯ ಕೇಳಬೇಕು, ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬೀಳಬೇಕಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು, ರಾಜ್ಯಗಳ ನಡುವಿನ ವ್ಯಾಜ್ಯದ 131ನೇ ವಿಧಿ ಹಿಡಿದು. ಈ ಎರಡು ವಿಧಿಗಳನ್ನು ಗ್ರಂಥಾಲಯದಲ್ಲಿ ಕೂತು ಪಕ್ಕಪಕ್ಕ ಓದು. ಚೌಕದಲ್ಲಿ ಕೂಗಾಡುವವರ ಮಾತು ಎಷ್ಟು ಕಾನೂನು, ಎಷ್ಟು ಸಿಟ್ಟು ಎಂಬುದು ಗೊತ್ತಾಗುತ್ತದೆ.

ಪ್ರಶ್ನೆ: ಅಕ್ಕಾರ, ನಮ್ಮ ಓಣಿಗೆ ನಳದ ನೀರು ಸರಿಯಾಗಿ ಬರೂದಿಲ್ಲ. ಜಮಖಂಡಿ ರಾಜರ ಕಾಲದಾಗ ಅರ್ಜಿ ರಾಜರಿಗೇ ಮುಟ್ಟತಿತ್ತು ಅಂತ ನಮ್ಮತ್ತಿ ಹೇಳ್ತಾರ. ಈಗ ಯಾರಿಗೆ ಕೊಡೂದು?
(ಗೃಹಿಣಿ, ಜಮಖಂಡಿ)

ಉತ್ತರ: ಅಕ್ಕಾ, ಪಟವರ್ಧನ ಅರಸರ ಕಾಲದಲ್ಲಿ ನೀರು ಕೊಟ್ಟರೆ ಅದು ಅರಸರ ಕೃಪೆ. ಕೊಡದಿದ್ದರೆ ಕೇಳಲು ಮೇಲೆ ಯಾರೂ ಇರಲಿಲ್ಲ. 1948ರಲ್ಲಿ ಸಂಸ್ಥಾನ ವಿಲೀನವಾಯಿತು. ಎರಡು ವರ್ಷದೊಳಗೆ ಅರಸರೂ ನಿಮ್ಮ ಅತ್ತೆಯವರೂ ಒಂದೇ ಸಂವಿಧಾನದಡಿ ಬಂದರು, ಇಬ್ಬರದೂ ಒಂದೊಂದೇ ಮತ.

ನೀರು ಸರಬರಾಜು ಸಂವಿಧಾನದ 12ನೇ ಅನುಸೂಚಿಯಲ್ಲಿದೆ. 74ನೇ ತಿದ್ದುಪಡಿ ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆಂದು ಗುರುತಿಸಿದ 18 ವಿಷಯಗಳಲ್ಲಿ ಅದೂ ಒಂದು. ಆದ್ದರಿಂದ ಮೊದಲ ಬಾಗಿಲು ನಗರಸಭೆ. ಓಣಿಯ ಹೆಣ್ಣುಮಕ್ಕಳೆಲ್ಲ ಸಹಿ ಮಾಡಿ ಪೌರಾಯುಕ್ತರಿಗೆ ಅರ್ಜಿ ಕೊಡಿ, ಎರಡನೇ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿ, ನಿಮ್ಮ ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಮುಟ್ಟಿಸಿ. ಉತ್ತರ ಬಾರದಿದ್ದರೆ ಅದೇ ಅರ್ಜಿ ಯಾವ ಟೇಬಲ್ ಮೇಲಿದೆ, ಏನು ಕ್ರಮವಾಗಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಲಿಖಿತ ಉತ್ತರ ಕೊಡಲೇಬೇಕು. ಕುಡಿಯುವ ನೀರನ್ನು ಕೋರ್ಟುಗಳು 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಸೇರಿಸಿವೆ, ಹಾಗಾಗಿ ಧಾರವಾಡದ ಹೈಕೋರ್ಟ್ ಪೀಠದ ಬಾಗಿಲೂ ತೆರೆದಿದೆ. ಆದರೆ ಅಲ್ಲಿಗೆ ಹೋಗುವಾಗ ಕೈಯಲ್ಲಿ ಆ ಸೀಲು ಬಿದ್ದ ಪ್ರತಿ ಇರಬೇಕು.