ಹಿಂಗಾರು ಬಿತ್ತನೆಗೆ ಹಸಿ ಸಾಕಾ?

ಪ್ರಶ್ನೆ: ಮಳೆಗಾಲದಲ್ಲಿ ಚೆನ್ನಾಗಿಯೇ ಮಳೆಯಾಯಿತು. ಆದರೆ ಕೊನೆಯ ಮೂರು ವಾರ ಒಂದು ಹನಿಯೂ ಬಿದ್ದಿಲ್ಲ. ನಮ್ಮದು ಎರೆ (ಕಪ್ಪು ಮಣ್ಣಿನ) ಹೊಲ, ನೀರಾವರಿ ಇಲ್ಲ. ಕಡಲೆ ಬಿತ್ತಬಹುದಾ, ಇನ್ನೊಂದು ಮಳೆಗೆ ಕಾಯಬೇಕಾ?

ಮೊದಲು ಗುದ್ದಲಿ ತಗೊಂಡು ಹೊಲಕ್ಕೆ ಹೋಗಿ, ಒಂದು ಗುಂಡಿ ತೋಡಿ. ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿದ್ದರೆ ಗಾಬರಿ ಬೇಡ. ಒಂದು ಮೊಳ ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ಉಂಡೆ ಕಟ್ಟಿ ಅಂಗೈಗೆ ತಣ್ಣಗೆ ತಾಗಿದರೆ ಹಸಿ ಇದೆ, ಬಿತ್ತಿ. ಪುಡಿಪುಡಿಯಾಗಿ ಉದುರಿದರೆ ಬೇಡ. ಒಂದೇ ಕಡೆ ನೋಡಿ ತೀರ್ಮಾನ ಮಾಡಬೇಡಿ, ಏರಿನ ಕಡೆ ಒಂದು, ತಗ್ಗಿನ ಕಡೆ ಒಂದು ಗುಂಡಿ ತೋಡಿ.

ಕಡಲೆ, ಹಿಂಗಾರು ಜೋಳ, ಕುಸುಬೆ ಇವೆಲ್ಲ ಮಣ್ಣೊಳಗೆ ಇಳಿದ ನೀರಿನ ಮೇಲೇ ಬದುಕುವ ಬೆಳೆಗಳು. ಒಂದು ಮೀಟರ್ ಆಳದ ಒಳ್ಳೆ ಎರೆ ಮಣ್ಣು, ಬೇರಿಗೆ ಸಿಗುವಂಥ ನೀರನ್ನೇ ಸುಮಾರು 150ರಿಂದ 200 ಮಿ.ಮೀ. ಹಿಡಿದಿಡುತ್ತದೆ. ಎಕರೆ ಲೆಕ್ಕದಲ್ಲಿ 6ರಿಂದ 8 ಲಕ್ಷ ಲೀಟರ್! ಆದರೆ ಒಂದೇ ರಾತ್ರಿ ಧೋ ಎಂದು ಸುರಿದ ಮಳೆ ಹಳ್ಳಕ್ಕೆ ಹರಿದು ಹೋಗಿರುತ್ತದೆ, ನಿಧಾನಕ್ಕೆ ಹನಿದ ಮಳೆ ಒಳಗೆ ಇಳಿದಿರುತ್ತದೆ, ಅದಕ್ಕೇ ಒಟ್ಟು ಎಷ್ಟು ಮಳೆ ಆಯ್ತು ಅನ್ನೋದನ್ನಷ್ಟೇ ನಂಬಿ ಬಿತ್ತೋಕೆ ಹೋಗಬಾರದು.

ಹಸಿ ಇದ್ದೂ ಸುಮ್ನೆ ಕಾಯುವುದು ನಷ್ಟವೇ. ಮೇಲ್ಮಣ್ಣು ದಿನದಿನಕ್ಕೆ ಒಣಗುತ್ತದೆ, ತಡವಾಗಿ ಬಿತ್ತಿದ ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಬಿಸಿಲಿಗೆ ಸಿಕ್ಕಿಬೀಳುತ್ತದೆ. ಬೀಜವನ್ನು ರಾತ್ರಿ ಎಂಟು ಗಂಟೆ ನೀರಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಕಾಳು ಹಸಿ ಮಣ್ಣಿಗೇ ಬೀಳಬೇಕು. ಕಡಲೆ ದಪ್ಪ ಕಾಳು, 8 ಸೆಂ.ಮೀ. ಆಳದಿಂದಲೂ ಮೇಲೆ ಬರುತ್ತದೆ. ಆಮೇಲೆ ಬಿರುಕು ಕಾಣಿಸಿಕೊಂಡ ಕೂಡಲೇ ಎಡೆಕುಂಟೆ (ಸಾಲುಗಳ ನಡುವೆ ಮೇಲ್ಮಣ್ಣು ಸಡಿಲಿಸುವ ಕುಂಟೆ) ಹೊಡೆಯಿರಿ. ಕೂಡಿಟ್ಟ ನೀರು ಹಾರಿಹೋಗುವುದು ಆ ಬಿರುಕುಗಳಿಂದಲೇ, ದಯವಿಟ್ಟು ಇದನ್ನು ಮುಂದೂಡಬೇಡಿ.

ಪ್ರಶ್ನೆ: ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾಗಿದೆ. ಗೋಧಿಗೆ ಎರಡೇ ಸಲ ನೀರು ಕೊಡಬಹುದು. ಯಾವಾಗ ಕೊಡಲಿ?

ಮೊದಲನೆಯದು ಬಿತ್ತಿದ 20ರಿಂದ 25 ದಿನದೊಳಗೆ. ಆಗ ಬುಡದಲ್ಲಿ ಎರಡನೇ ಸುತ್ತಿನ ಬೇರು ಒಡೆಯುತ್ತದೆ, ಆ ಹೊತ್ತಿಗೆ ಒಣಗಿದರೆ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆಯಾಗಿ ತೆನೆಯೂ ಕಡಿಮೆ. ಎರಡನೆಯದನ್ನು ಹೂವಾಡುವ ಹೊತ್ತಿಗೆ ಇಟ್ಟುಕೊಳ್ಳಿ. ಒಂದು ಎಕರೆಗೆ 5 ಸೆಂ.ಮೀ. ನೀರು ನಿಲ್ಲಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ನಿಮ್ಮ ಪಂಪ್ ಗಂಟೆಗೆ ಎಷ್ಟು ಎತ್ತುತ್ತದೆ ಅಂತ ಒಂದು ಡ್ರಮ್ ತುಂಬಿಸಿ ಅಳೆಯಿರಿ. ಲೆಕ್ಕ ಹೊಂದದಿದ್ದರೆ ಈಗಲೇ ಅರ್ಧ ಹೊಲಕ್ಕೆ ಕಡಲೆ ಹಾಕಿ. ಪೂರ್ತಿ ಗೋಧಿ ಹಾಕಿ, ತೆನೆ ಬರುವಾಗ ನೀರಿಲ್ಲದೆ ನಿಂತು ನೋಡುವ ಸಂಕಟ ನಿಮಗೆ ಬೇಡ.

ಪ್ರಶ್ನೆ: ಕಡಲೆ ಹೂವಾಗಿರುವಾಗ ಮಳೆ ಬಂದರೆ ಒಳ್ಳೆಯದೇ ಅಲ್ವಾ?

ಎಲ್ಲ ಸಲ ಅಲ್ಲ. ಬೆಳಿಗ್ಗೆ ಇಬ್ಬನಿ ಇರುವಾಗ ಕಡಲೆ ಹೊಲದಲ್ಲಿ ಓಡಾಡಿ, ಬೆರಳು ನಾಲಿಗೆಗೆ ಇಟ್ಟರೆ ಹುಳಿ ಹತ್ತುತ್ತದೆ. ಎಲೆ ಮೇಲಿನ ಸಣ್ಣ ರೋಮಗಳಿಂದ ಒಸರುವ ಹುಳಿ ಅದು, ಗಿಡಕ್ಕೆ ಒಂದಿಷ್ಟು ಕಾವಲು. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ, ಹೂವೂ ಉದುರುತ್ತದೆ. ಮೋಡ, ತೇವ ಹಾಗೇ ಮುಂದುವರಿದರೆ ಗಿಡ ಸೊಪ್ಪಾಗಿ ಬೆಳೆದು ಕಾಯಿ ಕಡಿಮೆಯಾಗುತ್ತದೆ. ಹೂ ಬರುವ ಮುಂಚೆ ಬಿದ್ದ ಒಂದು ಹದವಾದ ಮಳೆ ಮಾತ್ರ, ನೆಲ ಒಣಗಿದ್ದ ವರ್ಷದಲ್ಲಿ, ಬೆಳೆಯನ್ನೇ ಉಳಿಸುತ್ತದೆ. ಹೂವಾಗಿರುವಾಗ ಮಳೆ ಬಂದೇಬಿಟ್ಟರೆ ತಗ್ಗಿನಲ್ಲಿ ನಿಂತ ನೀರನ್ನು ಅದೇ ದಿನ ಕಾಲುವೆ ತೆಗೆದು ಹೊರಗೆ ಬಿಡಿ. ಕಡಲೆ ಬೇರು ನಿಂತ ನೀರನ್ನು ತಡೆಯುವುದಿಲ್ಲ. ಎರಡು ಮೂರು ದಿನ ಬಿಟ್ಟು ಕುಡಿಗಳನ್ನು ಬಿಡಿಸಿ ನೋಡಿ, ಸಣ್ಣ ಹಸಿರು ಹುಳ ಕಂಡರೆ ಆಗಲೇ ಹತೋಟಿ ಶುರು ಮಾಡಿ.